ಮುಚ್ಚಳದಡಿ ಇನ್ನೊಂದು ಮುಚ್ಚಳ

ಜರ್ಕಾ ಊರಿನ ಮುಖ್ಲಿಸ್ ಮೇಸ್ತ್ರಿಗೆ ತನ್ನ ಕಾರಿನ ಮೇಲೆ ಇದ್ದ ಸಿಟ್ಟು ಅಷ್ಟಿಷ್ಟಲ್ಲ. ಬಾನೆಟ್ ಎತ್ತಿದರೆ ಇಂಜಿನ್ ಕಾಣಬೇಕು ತಾನೆ? ಇದರಲ್ಲಿ ಕಾಣುತ್ತಿದ್ದದ್ದು ಒಂದು ಕರಿ ಪ್ಲಾಸ್ಟಿಕ್ ಮುಚ್ಚಳ. ಅದನ್ನು ಬಿಚ್ಚಿದರೆ ಅಡಿಯಲ್ಲಿ ಇನ್ನೊಂದು ಮುಚ್ಚಳ, ಅದರ ಮೇಲೆ ಮುಟ್ಟಿದರೆ ಸತ್ತೀಯೆ ಎನ್ನುವ ಹಳದಿ ಚೀಟಿ. ಮೂವತ್ತೈದು ವರ್ಷ ಗ್ಯಾರೇಜು ನಡೆಸಿದ ಮುಖ್ಲಿಸ್, ಬೀದಿಯ ತುದಿಯಲ್ಲಿ ಬರುವ ಗಾಡಿಯ ಸದ್ದು ಕೇಳಿ ಯಾವ ವಾಲ್ವ್ ಸವೆದಿದೆ ಎಂದು ಹೇಳುತ್ತಿದ್ದವನು. ಪೆಟ್ರೋಲಿನ ಜೊತೆ ಬ್ಯಾಟರಿಯಿಂದಲೂ ಓಡುವ ಈ ಹೈಬ್ರಿಡ್ ಕಾರು ಸದ್ದನ್ನೇ ಮಾಡುತ್ತಿರಲಿಲ್ಲ. (ಬಾಯಿ ಬಿಡದ ರೋಗಿಗೆ ಯಾವ ಧನ್ವಂತರಿ ತಾನೆ ಏನು ಮಾಡಿಯಾನು?)

ಕಾರು ಕೊಂಡದ್ದು ಹೆಂಡತಿ ಹಿಯಾಮ್‌ಗಾಗಿ. ಅವಳ ಎರಡೂ ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ಶನಿವಾರ, ಸೋಮವಾರ, ಬುಧವಾರ ಬೆಳಿಗ್ಗೆ ಏಳಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್, ನಾಲ್ಕು ಗಂಟೆ. ಒಂದು ದಿನ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ.

ಆ ವಾರ ಕಾರಿನ ಪರದೆಯ ಮೇಲೆ ಒಂದು ಕೆಂಪು ತ್ರಿಕೋನ ಮೂಡಿತು. ಕಂಪ್ಯೂಟರ್ ಇಟ್ಟುಕೊಂಡ ದೊಡ್ಡ ವರ್ಕ್‌ಶಾಪಿನವರು ಬಾನೆಟ್ ಕೂಡ ಎತ್ತದೆ, ಹಿಂದಿನ ಸೀಟಿನಡಿಯ ದೊಡ್ಡ ಬ್ಯಾಟರಿ ಬದಲಿಸಬೇಕು, ಸಾವಿರದ ಇನ್ನೂರು ದೀನಾರ್ ಎಂದರು. ಆ ದುಡ್ಡಿಗೆ ಮುಖ್ಲಿಸ್ ಹಿಂದೆ ಒಂದಿಡೀ ಕಾರನ್ನೇ ಮಾರಿದ್ದ.

"ಬ್ಯಾಟರಿಯೂ ಬೇಡ, ಗೀಟರಿಯೂ ಬೇಡ. ಬ್ಯಾಟರಿ ತಂಪು ಮಾಡೋಕೆ ಒಳಗೊಂದು ಫ್ಯಾನ್ ಇದೆ, ಧೂಳು ಕಟ್ಟಿರುತ್ತೆ. ಭಾನುವಾರ ನಾನೇ ಬಿಚ್ತೀನಿ," ಎಂದ.

"ಅಬೂ ಲುಬ್ನಾ, ಸೋಮವಾರ ನಾನು ಹೋಗ್ಬೇಕು," ಎಂದಳು ಹಿಯಾಮ್. ಲುಬ್ನಾಳ ಅಪ್ಪ ಎಂದು ಮಗಳ ಹೆಸರು ಹಿಡಿದೇ ಅವಳು ಗಂಡನನ್ನು ಕರೆಯುವುದು.

"ನನ್ನ ಕೈಯಲ್ಲಿ ಎಷ್ಟು ಗಾಡಿ ಜೀವ ಪಡೆದಿವೆ ಗೊತ್ತಾ ನಿಂಗೆ?"

"ಪಡೆದವುಗಳ ಲೆಕ್ಕ ಗೊತ್ತು. ಕಳ್ಕೊಂಡವುಗಳದ್ದು ನೀವು ಹೇಳೋದೇ ಇಲ್ಲ."

ಭಾನುವಾರ ಮುಖ್ಲಿಸ್ ಹಿಯಾಮ್‌ಳ ಪಾತ್ರೆ ತೊಳೆಯುವ ರಬ್ಬರ್ ಕೈಗವಸು ತೊಟ್ಟು ಶಸ್ತ್ರಚಿಕಿತ್ಸೆಗೆ ಇಳಿದ. ಸೀಟು ಕಿತ್ತ. ಬಿಸ್ಮಿಲ್ಲಾ ಎಂದು ಕಣ್ಣುಮುಚ್ಚಿ, ಬ್ಯಾಟರಿಯ ಕರೆಂಟು ಕಡಿಯುವ ಕಿತ್ತಳೆ ಬಣ್ಣದ ಪ್ಲಗ್ಗನ್ನು ಎಳೆದ. ಸಾಯಲಿಲ್ಲ. ಫ್ಯಾನಿನಲ್ಲಿ ನಿಜವಾಗಿಯೂ ಒಂದು ಮುಷ್ಟಿ ಧೂಳು, ಕೂದಲು ಸಿಕ್ಕಿತ್ತು! ಅದನ್ನು ತಟ್ಟೆಯಲ್ಲಿಟ್ಟು ತಂದು ಹೆಂಡತಿಗೆ ತೋರಿಸಿದ. ಎಲ್ಲ ಮರಳಿ ಜೋಡಿಸಿದಾಗ ಎರಡು ಸ್ಕ್ರೂ ಉಳಿದವು. ಅದು ಮಾಮೂಲು, ಉಳಿಯದಿದ್ದರೆ ಅವನಿಗೆ ಗಾಬರಿಯಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಹಿಯಾಮ್ ಕಂಬಳಿ, ಊಟದ ಡಬ್ಬಿ ಹಿಡಿದು ಹಿಂದಿನ ಸೀಟಿನಲ್ಲಿ ಕೂತಳು. ಮುಖ್ಲಿಸ್ ಗುಂಡಿ ಒತ್ತಿದ. ಪರದೆಯ ಮೇಲೆ ಮದುವೆ ಮನೆಯಷ್ಟು ದೀಪ ಹತ್ತಿತು. ಕಾರು ಮಾತ್ರ ಮಿಸುಕಲಿಲ್ಲ. ಮತ್ತೆ ಒತ್ತಿದ. ಬೈದ. ಬೇಡಿಕೊಂಡ. ಇಳಿದು ಟೈರಿಗೆ ಒದ್ದ.

"ಪಾಪ, ಒದೀಬೇಡಿ," ಎಂದಳು ಹಿಯಾಮ್ ಒಳಗಿಂದ. "ನನ್ನ ಕಿಡ್ನೀನೂ ಒದ್ದರೆ ಸರಿಹೋಗೋ ಹಾಗಿದ್ರೆ ಎಂದೋ ಒದೀತಿದ್ರಿ."

ಅವರ ಮನೆಯಿದ್ದ ಗುಡ್ಡದ ಏರಿಗೆ ಅಷ್ಟು ಹೊತ್ತಿಗೆ ಟ್ಯಾಕ್ಸಿ ಬರುವುದಿಲ್ಲ. ಕೊನೆಗೆ ಪಕ್ಕದ ಮನೆಯ ಅಬೂ ಹಾರಿಸ್ ತನ್ನ ಬೇಕರಿಯ ವ್ಯಾನಿನಲ್ಲಿ ಅವಳನ್ನು ಕೂರಿಸಿಕೊಂಡ. ಆದರೆ ದಾರಿಯಲ್ಲಿ ಹನ್ನೊಂದು ಅಂಗಡಿಗೆ ರೊಟ್ಟಿ ಇಳಿಸಬೇಕಿತ್ತು. ಹಿಯಾಮ್ ಆಸ್ಪತ್ರೆ ಮುಟ್ಟಿದಾಗ ಒಂದೂವರೆ ಗಂಟೆ ತಡವಾಗಿತ್ತು. ತಲೆವಸ್ತ್ರದ ತುಂಬ ಎಳ್ಳು. ನರ್ಸ್ ನಜ್ವಾ ಬೇಸರದಿಂದಲೇ ಹೇಳಿದಳು: "ಹನ್ನೊಂದಕ್ಕೆ ಈ ಕುರ್ಚಿಗೆ ಬೇರೆಯವರು ಬರ್ತಾರೆ ಅಮ್ಮ. ಎರಡೂವರೆ ಗಂಟೆ ಮಾತ್ರ ಕೊಡಬಲ್ಲೆ."

ಆ ದಿನವಿಡೀ ಮುಖ್ಲಿಸ್ ಕಾರನ್ನು ಮತ್ತೆ ಬಿಚ್ಚಿ ಮತ್ತೆ ಕಟ್ಟಿದ. ಈ ಸಲ ಸ್ಕ್ರೂ ಐದು ಉಳಿದವು.

"ಇಂಥ ಕಾರು ರಿಪೇರಿ ಮಾಡ್ತಾನಲ್ಲ, ಆ ಯಾಮೆನ್‌ಗೆ ಫೋನ್ ಮಾಡಿ," ಎಂದಳು ಹಿಯಾಮ್.

"ಅವನಾ? ಮೊಬೈಲ್ ಅಂಗಡೀಲಿ ಗಾಜು ಅಂಟಿಸ್ತಿದ್ದವನು! ಲ್ಯಾಪ್‌ಟಾಪ್ ಹಿಡಿದ ಮಾತ್ರಕ್ಕೆ ಇಂಜಿನಿಯರ್ ಆಗಿಬಿಟ್ಟ. ಅವನ ಉಗುರು ನೋಡಿದೀಯಾ? ಒಂದು ಚೂರು ಗ್ರೀಸ್ ಇಲ್ಲ. ನಾಳೆ ನಾನೇ ಸರಿಮಾಡ್ತೀನಿ."

ಮಂಗಳವಾರ ಮಧ್ಯಾಹ್ನ ಹಿಯಾಮ್ ಕೆಳಗಿನ ಅಂಗಡಿಗೆ ಹೋಗಿ ಮೆಟ್ಟಿಲು ಹತ್ತುವಾಗ ಮೂರು ಕಡೆ ನಿಂತಳು. ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದರೆ ಚಪ್ಪಲಿ ಬರಲಿಲ್ಲ. ಪಾದ ಅಷ್ಟು ಊದಿತ್ತು. ಮುಖ್ಲಿಸ್ ಮಂಡಿಯೂರಿ ಅದನ್ನು ಎಳೆದು ತೆಗೆದ. ಅವನ ಬೆರಳಿನ ಗುರುತು ಅವಳ ಪಾದದ ಮೇಲೆ ಗುಳಿಬಿದ್ದು ಹಾಗೆಯೇ ಉಳಿಯಿತು. ಇಬ್ಬರೂ ಆ ಗುಳಿಯನ್ನು ನೋಡಿದರು. ಹಿಯಾಮ್ ಯಾವ ಕೊಂಕೂ ಆಡಲಿಲ್ಲ. ಅವನು ಕೆಳಗಿಳಿದು ಕಾರಿನಲ್ಲಿ ಕೂತು, ಕಣ್ಣೊರೆಸಿಕೊಂಡು, ಯಾಮೆನ್‌ಗೆ ಫೋನ್ ಮಾಡಿದ.

ಯಾಮೆನ್ ಬಿಳಿ ಬೂಟು ಹಾಕಿಕೊಂಡು ಬಂದ. (ರಿಪೇರಿಗೆ! ಬಿಳಿ ಬೂಟು!) ಲ್ಯಾಪ್‌ಟಾಪಿನಿಂದ ಒಂದು ತಂತಿ ಎಳೆದು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿ, ಸ್ವಲ್ಪ ಹೊತ್ತು ಓದಿ, ಹಿಂದಿನ ಸೀಟು ಎತ್ತಿಸಿದ.

"ಮೇಸ್ತ್ರಿಗಳೇ, ಫ್ಯಾನ್ ತೊಳೆದದ್ದು ನೀವಾ? ಭಾರಿ ಚೆನ್ನಾಗಿ ತೊಳೆದಿದೀರಿ. ನಿಮ್ಮ ತೊಂದರೆ ಇದ್ದದ್ದೇ ಅದು."

ಮುಖ್ಲಿಸ್‌ನ ಎದೆ ಉಬ್ಬಿತು. ಬಾಲ್ಕನಿಯಲ್ಲಿದ್ದ ಹೆಂಡತಿಗೆ ಕೇಳಿಸಲಿ ಎಂದು, "ಏನಂದೆ? ಜೋರಾಗಿ ಹೇಳಪ್ಪ," ಎಂದ.

"ಫ್ಯಾನ್ ಸರಿ ಆಗಿದೆ ಅಂದೆ," ಎಂದು ಯಾಮೆನ್ ಅಷ್ಟೇ ಜೋರಾಗಿ ಹೇಳಿದ. "ಆದರೆ ಈ ಕಿತ್ತಳೆ ಪ್ಲಗ್ಗಿನ ಹಿಡಿ ಎತ್ತಿದ ಮೇಲೆ ಕೆಳಗೂ ತಳ್ಳಬೇಕು. ನೀವು ತಳ್ಳಿಲ್ಲ." ಒಂದು ಬೆರಳಿನಿಂದ ತಳ್ಳಿದ. ಟಕ್ ಎಂದಿತು. ಗುಂಡಿ ಒತ್ತಿದ. ಕಾರು ಹೊರಡಲು ಸಿದ್ಧವಾಯಿತು, ಸದ್ದಿಲ್ಲದೆ.

ಬಾಲ್ಕನಿಯಿಂದ ಹಿಯಾಮ್ ಕೇಳಿದಳು: "ಬೆರಳಿಗೆ ಎಷ್ಟಪ್ಪ?"

"ಬೆರಳಿಗೆ ಏನೂ ಇಲ್ಲ ಅಮ್ಮ. ಕಂಪ್ಯೂಟರ್ ಬ್ಯಾಗಿನಿಂದ ತೆಗೆದದ್ದಕ್ಕೆ ನಲವತ್ತು ದೀನಾರ್." ಆಮೇಲೆ ದನಿ ತಗ್ಗಿಸದೆಯೇ ಹೇಳಿದ: "ಬ್ಯಾಟರಿ ಹಳೇದು. ಹುಷಾರಾಗಿ ಇಟ್ಕೊಂಡ್ರೆ ಆರು ತಿಂಗಳು. ದೇವರ ದಯೆ ಇದ್ರೆ ಒಂದು ವರ್ಷ."

"ಡಾಕ್ಟರು ನಂಗೂ ಅಷ್ಟೇ ಹೇಳಿರೋದು," ಎಂದಳು ಹಿಯಾಮ್. "ಯಾರು ಮೊದಲು ಅಂತ ನೋಡೋಣ."

ಯಾಮೆನ್ ನಗಬೇಕೋ ಬೇಡವೋ ತಿಳಿಯದೆ ತನ್ನ ಬಿಳಿ ಬೂಟು ನೋಡಿಕೊಂಡ. ಮುಖ್ಲಿಸ್ ನಲವತ್ತು ದೀನಾರ್ ಎಣಿಸಿ ಕೊಟ್ಟ.

ಬುಧವಾರ ಏಳಕ್ಕೆ ಹತ್ತು ನಿಮಿಷ ಮುಂಚೆಯೇ ಹಿಯಾಮ್ ಕುರ್ಚಿಯಲ್ಲಿದ್ದಳು. ಒಂದು ತೋಳಿಗೆ ಎರಡು ಸೂಜಿ, ಎರಡು ನಳಿಗೆ. ಯಂತ್ರ ತಿರುಗತೊಡಗಿತು. ಮುಖ್ಲಿಸ್ ಪಕ್ಕದ ಸ್ಟೂಲಿನ ಮೇಲೆ ಕೂತು ಅವಳ ಪಾದವನ್ನೇ ನೋಡುತ್ತಿದ್ದ. ಎರಡನೇ ಗಂಟೆಗೆ ಊತ ಸ್ವಲ್ಪ ಇಳಿದಂತೆ ಕಂಡಿತು. ಅಷ್ಟರಲ್ಲಿ ಯಂತ್ರ ಕೀ ಕೀ ಎಂದು ಕಿರುಚಿತು; ಮೇಲೊಂದು ಕೆಂಪು ದೀಪ.

ಮುಖ್ಲಿಸ್ ಜೇಬಿನಿಂದ ಕನ್ನಡಕ ತೆಗೆದು ಮೂಗಿಗೇರಿಸಿ, ಎದ್ದು, ಯಂತ್ರದ ಬೆನ್ನಿನ ಮುಚ್ಚಳದ ಕಡೆ ಕೈ ಚಾಚಿದ.

"ಮುಟ್ಟಬೇಡಿ!" ಎಂದು ನಜ್ವಾ ವಾರ್ಡಿನ ಆ ತುದಿಯಿಂದ ಕೂಗಿದಳು. "ಮುಟ್ಟಬೇಡಿ!" ಎಂದರು ಆಚೀಚೆ ಕುರ್ಚಿಗಳಲ್ಲಿದ್ದ ಆರು ರೋಗಿಗಳು, ಒಟ್ಟಿಗೆ. (ಹಿಯಾಮ್ ಸೋಮವಾರವೇ ಅವರಿಗೆಲ್ಲ ಸ್ಕ್ರೂಗಳ ಸಂಖ್ಯೆ ತಿಳಿಸಿದ್ದಳು.)

ನಜ್ವಾ ಬಂದು ಹಿಯಾಮ್‌ಳ ಮಡಚಿದ ತೋಳನ್ನು ನೇರ ಮಾಡಿದಳು. ಯಂತ್ರ ಸುಮ್ಮನಾಯಿತು.

"ನಾನು ಸುಮ್ನೆ ನೋಡ್ತಿದ್ದೆ," ಎಂದ ಮುಖ್ಲಿಸ್.

"ಕೂತ್ಕೊಳ್ಳಿ," ಎಂದಳು ಹಿಯಾಮ್. ಸೂಜಿಯಿಲ್ಲದ ಕೈ ಚಾಚಿ ಅವನ ಎರಡೂ ಕೈಗಳನ್ನು ಸೇರಿಸಿ ಹಿಡಿದುಕೊಂಡಳು. ಉಳಿದ ಎರಡು ಗಂಟೆ ಬಿಡಲೇ ಇಲ್ಲ. ಪಕ್ಕದ ಕುರ್ಚಿಯ ಹೆಂಗಸು, "ನೋಡಿ, ಈ ವಯಸ್ಸಲ್ಲೂ ಎಂಥ ಪ್ರೀತಿ," ಎಂದಳು.

"ಪ್ರೀತಿ ಅಲ್ಲಮ್ಮ," ಎಂದಳು ಹಿಯಾಮ್ ಕಣ್ಣು ಮುಚ್ಚಿಕೊಂಡು. "ನಾನು ಬದುಕಬೇಕಲ್ಲ?"