ಹೆಂಡತಿಗೆ ಕಿವಿ ಬಂದ ಮೇಲೆ

ಮನೆಯಲ್ಲಿ ಒಬ್ಬರಿಗೆ ಕಿವಿ ಕೇಳಿಸದಿದ್ದರೆ ಉಳಿದವರೆಲ್ಲ ಬಹಳ ಪ್ರಾಮಾಣಿಕರಾಗಿಬಿಡುತ್ತಾರೆ. ಬೆನ್ನ ಹಿಂದೆ ಆಡುತ್ತಿದ್ದುದನ್ನು ಎದುರಿಗೇ ಆಡುತ್ತಾರೆ. ಜ್ವರ ಬಂದು, ಒಳಗಿವಿ ಕೆಟ್ಟು, ನನ್ನ ಹೆಂಡತಿ ಶಾಂತಾ ಪೂರ್ತಿ ಕಿವುಡಿಯಾದ ಮೇಲೆ ಹಾನಗಲ್ಲಿನ ನಮ್ಮ ಮನೆಗೆ ಇಂಥ ಪ್ರಾಮಾಣಿಕರು ಬಸ್ಸು ಹತ್ತಿ ಬರತೊಡಗಿದರು. ಅವರಲ್ಲಿ ಮುಖ್ಯಳು ಹಿರೇಬೆಂಡಿಗೇರಿಯ ನನ್ನ ಅತ್ತಿಗೆ. ಶಾಂತಾ ಬಡಿಸಿದ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಅವಳ ಮುಖ ನೋಡಿ ನಗುತ್ತಲೇ, "ಹೋಳಿಗಿ ಚಪ್ಪಲಿ ಅಟ್ಟಿ ಆಗೇತಿ" ಎನ್ನುವಳು. ಹೊಗಳಿದಳೆಂದು ತಿಳಿದು ಶಾಂತಾ ಇನ್ನೊಂದು ಬಡಿಸುವಳು.

ಸಾದಾ ಕಿವಿಯಂತ್ರ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ಹುಬ್ಬಳ್ಳಿಯ ಡಾಕ್ಟರು ಆಪರೇಶನ್ ಮಾಡಿ, ಕಿವಿಯ ಹಿಂದೆ ಚರ್ಮದ ಕೆಳಗೊಂದು ಯಂತ್ರ ಕೂಡಿಸಿ, ಅದರ ತಂತಿಯನ್ನು ಒಳಗಿವಿಗೆ ಇಳಿಸಿದರು. ಗಾಯ ಮಾಗಿದ ಮೇಲೆ ಹೊರಗಿನ ತುಣುಕನ್ನು ಅಂಟಿಸಿ ಚಾಲೂ ಮಾಡುವ ದಿನ, ಅವಳ ಆನಂದಬಾಷ್ಪ ಹಿಡಿಯಲು ನಾನು ಮೊಬೈಲು ಎತ್ತಿಕೊಂಡು ನಿಂತೆ. "ಶಾಂತಾ" ಎಂದೆ. ಅವಳು ಹೌಹಾರಿ, "ಡಬ್ಬ್ಯಾಗ ಕುಂತ ಕಪ್ಪಿ ಒದರಿದಂಗ ಯಾಕ ಒದರಾಕತ್ತೀರಿ?" ಎಂದಳು. ಆ ವಿಡಿಯೋ ಯಾರಿಗೂ ಕಳಿಸಲಿಲ್ಲ. ಮುಂದೆ ತಿಂಗಳುಗಟ್ಟಲೆ ಹಟ ಹಿಡಿದು ಅವಳು ಒಂದೊಂದೇ ಸದ್ದು ಕಲಿತಳು. ಮೊದಲು ಕುಕ್ಕರಿನ ಸೀಟಿ, ಬಾಗಿಲ ಚಿಲಕ. ಆಮೇಲೆ ಮನುಷ್ಯರ ಮಾತು. ಸವಣೂರಿನಲ್ಲಿದ್ದ ಅವಳ ತಂಗಿ ಫೋನಿನಲ್ಲಿ "ಅಕ್ಕಾ" ಎಂದದ್ದು ತಿಳಿದ ದಿನ ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತಳು.

ಸುದ್ದಿ ಕೇಳಿ ಅತ್ತಿಗೆ ಬಂದಳು. ಅಂಗಳದಲ್ಲೇ ನನಗೆ, "ಕಿವಿ ಹಾಕಿಸೀರಿ, ಚಲೋ ಆತು. ಬುದ್ಧಿನೂ ಹಾಕಿಸಿದ್ರ ಇನ್ನೂ ಚಲೋ ಇತ್ತು" ಎಂದು, ಒಳಗೆ ಹೋಗಿ ಶಾಂತಾಳ ಯಂತ್ರಕ್ಕೇ ಬಾಯಿ ಹಚ್ಚಿ, "ಕೇಳಸ್ತೈತೇನ ನಮ್ಮವ್ವಾ?" ಎಂದು ಕೂಗಿದಳು.

"ಕೇಳಸ್ತೈತಿ ಅಕ್ಕಾ," ಎಂದಳು ಶಾಂತಾ. "ಅಂಗಳದಾಗ ಅಂದದ್ದೂ ಕೇಳಿಸ್ತು. ಕುಂದರ್ರಿ, ಚಾ ಮಾಡ್ತೇನಿ."

ಅತ್ತಿಗೆಗೆ ಒಮ್ಮೆಲೇ ಬಸ್ಸಿನ ಹೊತ್ತು ನೆನಪಾಯಿತು.

ನಾನು ಹೊಟ್ಟೆ ತುಂಬ ನಕ್ಕೆ. ಅದೇ ಹುರುಪಿನಲ್ಲಿ ಮರುದಿನ ಊರಿನಲ್ಲಿದ್ದ ಒಂದು ಸಮಾರಂಭಕ್ಕೆ ಸಿದ್ಧಮಾಡಿದ್ದ ನನ್ನ ಅಧ್ಯಕ್ಷೀಯ ಭಾಷಣವನ್ನು ಶಾಂತಾಳಿಗೆ ಓದಿ ಹೇಳಿದೆ. ನಾನು ಭಾಷಣ ಮಾಡತೊಡಗಿದ್ದೇ ಅವಳ ಕಿವಿ ಹೋದ ಮೇಲೆ; ಆದರೂ ಪ್ರತಿ ಭಾಷಣಕ್ಕೆ ಮುಂದಿನ ಸಾಲಿನಲ್ಲಿ ಕಣ್ಣರಳಿಸಿ ಕೂತವಳು ಅವಳು. ಕೊನೆಯತನಕ ಕೇಳಿದಳು.

"ಇಷ್ಟೇ ಏನ್ರಿ?" ಎಂದಳು. "ನೀವು ಕೈ ತಿರುವೂದು ನೋಡಿ ಏನೇನೋ ದೊಡ್ಡ ವಿಚಾರ ಹೇಳಾಕತ್ತೀರಿ ಅಂತ ತಿಳಕೊಂಡಿದ್ನಲ್ರಿ!"

ಮರುದಿನ ಎರಡೇ ಮಾತಾಡಿ ಕುಳಿತೆ. ಅಷ್ಟು ಜೋರಿನ ಚಪ್ಪಾಳೆ ನನಗೆ ಹಿಂದೆಂದೂ ಬಿದ್ದಿರಲಿಲ್ಲ.