ಮಾವನ ಕಾದಂಬರಿಕಾರರು

ನಮ್ಮ ಸೋದರಮಾವನ ಪ್ರಕಾರ ಕನ್ನಡದಲ್ಲಿ ಇದುವರೆಗೆ ಹುಟ್ಟಿದ ಕಾದಂಬರಿಕಾರರು ಒಬ್ಬರೇ. ಉಳಿದವರು? ಅವರೆಲ್ಲ ಏನೋ ಬರೆದವರು, ಅಷ್ಟೇ. ನಾನು ಕನ್ನಡ ಎಂ.ಎ. ಮಾಡಿದವಳು, ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಪಾಠ ಹೇಳುವವಳು, ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲ ಜೀವ. ನನ್ನ ಮುಂದೆಯೇ ಈ ಮಾತು! ಬೇರೆ ಲೇಖಕರ ಪುಸ್ತಕ ತಂದರೆ ಹತ್ತು ಪುಟ ಓದಿಸಿಕೊಂಡು, "ಇವರು ಕೋಟೆ ಹತ್ತಿಲ್ಲ ಕಣಮ್ಮ" ಎಂದು ಮುಚ್ಚಿಸುತ್ತಾನೆ.

ಹೌದು, ಓದಿಸಿಕೊಂಡು. ಮಾವನಿಗೆ ಓದಲು ಬರುತ್ತದೆ, ಕೈಗೆ ಬಿಡುವಿಲ್ಲ. ಮೇಲೂರಿನಲ್ಲಿ ಅವನದು ರೇಷ್ಮೆ ನೂಲು ತೆಗೆಯುವ ಸಣ್ಣ ಶೆಡ್ಡು. ಗೂಡು ಬೇಯಿಸಿದ ಬಿಸಿನೀರಿನಲ್ಲಿ ಇಡೀ ದಿನ ಕೈ ಅದ್ದಿಕೊಂಡು ಎಳೆ ಹುಡುಕುವವನು ಪುಟ ಹೇಗೆ ತಿರುವಬೇಕು? ಅದಕ್ಕೆ ನಾನು. ಐದನೆಯ ಕ್ಲಾಸಿನಿಂದಲೇ ನನಗೆ ಆ ಕೆಲಸ. ಸ್ಕೂಲು ಬಿಟ್ಟ ಕೂಡಲೇ ಶೆಡ್ಡಿಗೆ ಹೋಗಿ, ಬಕೆಟ್ಟು ಬೋರಲು ಹಾಕಿಕೊಂಡು ಕೂತು, ಮೂಗು ಮುಚ್ಚಿಕೊಳ್ಳಬೇಕಾದ ಆ ವಾಸನೆಯಲ್ಲಿ ಬಾಯಿ ತೆರೆದು ಓದಬೇಕು. ಚರಕದ ಸದ್ದಿಗಿಂತ ನನ್ನ ದನಿ ಮೇಲಿರಬೇಕು. ಉಚ್ಚಾರ ತಪ್ಪಿದರೆ "ಕಾದು, ಕಾದು", ಅಂದರೆ ಅಲ್ಲ, ಅಲ್ಲ ಎಂದು ತೆಲುಗಿನಲ್ಲಿ ತಿದ್ದುಪಡಿ. ಕಥೆಯಲ್ಲಿ ಯುದ್ಧ ಬಂತೋ, ಮಾವನ ಗಮನವೆಲ್ಲ ರಣರಂಗದಲ್ಲಿ. ಇಲ್ಲಿ ಎಳೆಗೆ ಎಳೆ ಸೇರಿ ನೂಲು ಹಗ್ಗ! ನೂಲಿನ ವ್ಯಾಪಾರಿಯೊಬ್ಬರು ಒಮ್ಮೆ ಲಡಿಯನ್ನು ಬೆರಳ ನಡುವೆ ಜಾರಿಸಿ ನೋಡಿ, "ಇಲ್ಲೊಂದು ಯುದ್ಧ ಆಗಿದೆ ಕಣಣ್ಣ, ಇಲ್ಲಿಂದ ಈಚೆಗೆ ಎಲ್ಲರೂ ರಾಜಿಯಾಗಿದ್ದಾರೆ" ಎಂದಿದ್ದರು.

ಇಷ್ಟಕ್ಕೂ ಆ ಕಾದಂಬರಿಕಾರರು ಯಾರು? ತಾಲ್ಲೂಕು ಕಚೇರಿಯೊಂದರ ಗುಮಾಸ್ತರು. ರಜೆ ಸಿಕ್ಕಿತೆಂದರೆ ಬುತ್ತಿ ಕಟ್ಟಿಕೊಂಡು ಪಾಳುಕೋಟೆ ಹತ್ತುತ್ತಿದ್ದರಂತೆ. ಮೆಟ್ಟಿಲು ಎಣಿಸಿ, ಬಾವಿಗೆ ಹಗ್ಗ ಬಿಟ್ಟು ಆಳ ಅಳೆದು, ಬೆಟ್ಟದ ಕೆಳಗಿನ ಊರಿನ ಮುದುಕರನ್ನು ಮಾತಾಡಿಸಿ ಬರುತ್ತಿದ್ದರಂತೆ. ಅವರ ಕಾದಂಬರಿಗಳಲ್ಲಿ ಪಾಳೇಗಾರ ಕಾಣಿಸಿಕೊಳ್ಳುವುದು ಮೂರನೆಯ ಅಧ್ಯಾಯದಲ್ಲಿ. ಅದಕ್ಕೂ ಮೊದಲು ಕಲ್ಲು ಒಡೆದವರು, ನೀರು ಹೊತ್ತವರು, ಕುದುರೆಗೆ ಹುರುಳಿ ಬೇಯಿಸಿದವರು ಬಂದು ಹೋಗುತ್ತಾರೆ. ಇದು ಸಣ್ಣ ಸಂಗತಿಯಲ್ಲ, ಒಪ್ಪುತ್ತೇನೆ. ಆದರೆ ಒಪ್ಪಿದೆನೆಂದು ಮಾವನ ಮುಂದೆ ಬಾಯಿ ಬಿಟ್ಟರೆ ಎರಡು ಗಂಟೆ ಹೋಯಿತೆಂದೇ ತಿಳಿಯಿರಿ.

ನನ್ನ ಮದುವೆಯ ಕಥೆ ಕೇಳಿ. ಗೌರಿಬಿದನೂರು ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಹೈಸ್ಕೂಲು ಮೇಷ್ಟ್ರು. ಎಲ್ಲರಿಗೂ ಒಪ್ಪಿಗೆ. ಊರಿನ ಹೆಸರು ಕೇಳಿದ್ದೇ ತಡ ಮಾವ ಕಾಫಿ ಲೋಟ ಕೆಳಗಿಟ್ಟ. ಎರಡನೆಯ ಕಾದಂಬರಿಯಲ್ಲಿ ಶತ್ರುಗಳಿಗೆ ಕೋಟೆಯ ದಿಡ್ಡಿ ಬಾಗಿಲು ತೆಗೆದುಕೊಟ್ಟವನು ಆ ದಿಕ್ಕಿನವನೇ ಅಂತೆ!

"ಮಾವ, ಅದು ಕಥೆ."

"ಕಥೆ ಅಂತ ನೀನು ಹೇಳ್ತೀಯಮ್ಮ. ಒಳಗಿದ್ದೋರ ಗತಿ ಏನಾಯ್ತು, ನೀನೇ ಅಲ್ವಾ ಓದಿದ್ದು?"

ಬಂದವರು ಒಬ್ಬಟ್ಟು ತಿಂದು ಬಸ್ಸು ಹತ್ತಿದರು. ಕೊನೆಗೆ ನನಗೆ ಸಿಕ್ಕಿದ್ದು ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಯ ಹುಡುಗ. ಕಾದಂಬರಿಕಾರರು ಆ ಊರಿನ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ನನ್ನ ಗಂಡನಿಗೆ ಇದ್ದ ಅರ್ಹತೆ ಅದೊಂದೇ!

ಹೋದ ವರ್ಷ ಆ ಕಾದಂಬರಿಕಾರರು ತೀರಿಕೊಂಡರು. ಶಿಡ್ಲಘಟ್ಟದಲ್ಲಿ ಒಂದಷ್ಟು ಓದುಗರು ಸೇರಿ ನೆನಪಿನ ಸಭೆ ಇಟ್ಟುಕೊಂಡು ನನ್ನನ್ನು ಭಾಷಣಕ್ಕೆ ಕರೆದರು. ಮಾವ ಸುಮ್ಮನಿರುತ್ತಾನೆಯೇ? ತಾನೂ ಮಾತಾಡಬೇಕು, ಬದುಕಿದ್ದಾಗ ಆ ಸಾಹೇಬರಿಗೆ ಹೇಳಲಾಗದೆ ಹೋದ ಒಂದು ಮಾತು ಉಳಿದುಬಿಟ್ಟಿದೆ ಎಂದು ಹದಿನೈದು ದಿನ ಪೀಡಿಸಿದ. ಏನು ಮಾತು ಎಂದು ಕೇಳಿದರೆ, ಅದು ಸಭೆಯಲ್ಲೇ ಎನ್ನುತ್ತಿದ್ದ. ಸಭೆಗೆ ನಮ್ಮ ಪ್ರಿನ್ಸಿಪಾಲರು ಬರುವವರಿದ್ದರು. ಅವರೆದುರು ಇವನು ದಿಡ್ಡಿ ಬಾಗಿಲಿನ ಪಂಚಾಯ್ತಿ ಶುರುಮಾಡಿದರೆ, ನಾನು ಇಷ್ಟು ಒದ್ದಾಡಿ ಸಂಪಾದಿಸಿದ ಮರ್ಯಾದೆ ಏನಾಗಬೇಕು? ವ್ಯವಸ್ಥಾಪಕರಿಗೆ ಹೇಳಿ ಐದೇ ನಿಮಿಷ ಕೊಡಿಸಿದೆ. ಭಾಷಣವನ್ನೂ ನಾನೇ ಬರೆದೆ: 'ಚಾರಿತ್ರಿಕ ಪ್ರಜ್ಞೆ', 'ಜನಸಾಮಾನ್ಯರ ದೃಷ್ಟಿಕೋನ' ಎಲ್ಲ ಸೇರಿಸಿ. ಇದ್ದದ್ದನ್ನು ಇದ್ದ ಹಾಗೆ ಓದುತ್ತೇನೆ ಎಂದು ಆಣೆಯನ್ನೂ ಹಾಕಿಸಿಕೊಂಡೆ.

ವೇದಿಕೆ ಹತ್ತಿದ ಮಾವ ನನ್ನ ಹಾಳೆಯನ್ನು ನೀಟಾಗಿ ಮಡಚಿ ಜೇಬಿಗಿಟ್ಟ. ಮುಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದ ನಾನು ತಲೆ ತಗ್ಗಿಸಿದೆ. ಮೊದಲು ಕೋಟೆಗಳ ಹೆಸರು ಬಂದವು, ಆಮೇಲೆ ಮೆಟ್ಟಿಲುಗಳ ಲೆಕ್ಕ, ಆಮೇಲೆ ಬಾವಿಗಳ ಆಳ. ಐದು ನಿಮಿಷ ಬಾವಿಯಲ್ಲೇ ಮುಳುಗಿತು. ವ್ಯವಸ್ಥಾಪಕರು ಚೀಟಿ ಕಳಿಸಿದರು. ಅದನ್ನೂ ಮಡಚಿ ಜೇಬಿಗಿಟ್ಟ. ಬಿಸಿನೀರಿನಲ್ಲಿ ನೆನೆದು ನೆನೆದು ಬಿಳಿಚಿ ಬಿರಿದ ಬೆರಳುಗಳು ಮೈಕನ್ನು ಹಿಡಿದಿದ್ದವು.

"ಇವಳು ಏಳನೇ ಕ್ಲಾಸಲ್ಲಿದ್ದಾಗ ನಮ್ಮಕ್ಕ, ಸ್ಕೂಲು ಸಾಕು, ಶೆಡ್ಡಲ್ಲಿ ಕೂತ್ಕೊಳ್ಲಿ ಅಂದ್ಲು. ಮನೇಲಿ ಎಲ್ರೂ ಹೂಂ ಅಂದ್ರು. ಎದುರಾಡೋ ಧೈರ್ಯ ನನಗಿರಲಿಲ್ಲ. ಇವಳ ಕೈಯೂ ನೀರಿಗೆ ಬಿದ್ರೆ ನನಗೆ ಓದೋರ್ಯಾರಕ್ಕ, ಈ ಕಾದಂಬರಿ ಮುಗಿಯೋವರ್ಗಾದ್ರೂ ಸ್ಕೂಲಿಗೆ ಹೋಗ್ಲಿ ಅಂದೆ. ಆಯ್ತು, ಮುಗಿಯೋವರ್ಗೂ ಅಂದ್ಲು. ಅದು ಮುಗಿಯೋಷ್ಟರಲ್ಲಿ ಸಾಹೇಬ್ರು ಇನ್ನೊಂದು ಬರೆದ್ರು. ಅದು ಮುಗಿಯೋಷ್ಟರಲ್ಲಿ ಮತ್ತೊಂದು. ಪುಣ್ಯಾತ್ಮರು, ನಿಲ್ಲಿಸಲೇ ಇಲ್ಲ. ಇವಳ ಡಿಗ್ರಿ ಮುಗೀತು."

ಸಭೆ ನಕ್ಕಿತು. ನಾನು ಅಮ್ಮನ ಕಡೆ ತಿರುಗಿದೆ. ಅಮ್ಮ ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದಳು, ಸುಳ್ಳು ಎನ್ನಲಿಲ್ಲ. ಓದಿದ್ದು ಪೂರ್ತಿ ನನ್ನ ಹಟದಿಂದ ಎಂದು ಇಷ್ಟು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವಳು ನಾನು.

ಮಾವ ಇಳಿದು ಬಂದು ನನ್ನ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತ. ಅಳುಕುತ್ತಲೇ ಕೇಳಿದ, "ಐದು ನಿಮಿಷ ಮೀರ್ತೇನಮ್ಮ?"

ಇಪ್ಪತ್ತಾಗಿತ್ತು.

"ಇಲ್ಲ ಮಾವ" ಎಂದೆ.