ಕರಿಬಸಪ್ಪನ ಪಾಪ್‌ಕಾರ್ನ್ ದಿಗ್ವಿಜಯ

ಕೇಳಿರಯ್ಯಾ ಮಹಾಜನಗಳಿರಾ! ಕುಕ್ಕರಿನ ಸೀಟಿಯೇ ರಣಶಂಖವಾಗಿ, ಒಣಹಾಕಿದ ಲುಂಗಿಗಳೇ ವಿಜಯಪತಾಕೆಗಳಾಗಿ ಮೆರೆಯುವ ಈ ಘೋರ ಕಲಿಯುಗದಲ್ಲಿ, ದಾವಣಗೆರೆಯೆಂಬ ಮಹಾಪಟ್ಟಣದಲ್ಲಿ, ಮಂಡಕ್ಕಿಭಟ್ಟಿವಂಶಾಬ್ಧಿಚಂದ್ರನೂ ತಪ್ತಸಿಕತಾಮಥನಪ್ರಚಂಡನೂ, ಎಂದರೆ ಕಾದ ಮರಳು ಕೆದಕಿ ಮಂಡಕ್ಕಿ ಹುರಿಯುವವನೂ ಆದ ಕರಿಬಸಪ್ಪನೆಂಬ ವೀರನಿದ್ದನು. ಅವನ ಪರಾಕ್ರಮವನ್ನು ನಾನೊಬ್ಬನೇ ಸರಿಯಾಗಿ ಬಲ್ಲೆ. ಉಳಿದವರು ಹೇಳುವುದೆಲ್ಲ ಬರೀ ನಿಜ.

ಆ ವೀರನು ಒಂದು ದಿನ ಹಿತ್ತಿಲಿಗೆ ನುಗ್ಗಿ, ಮಡದಿ ಹಾಲಮ್ಮನ ಮೆಂತ್ಯದ ಮಡಿಯನ್ನು ನಿರ್ದಾಕ್ಷಿಣ್ಯವಾಗಿ ಅಗೆದೊಗೆದು, ಪಾಪ್‌ಕಾರ್ನ್ ಜೋಳದ ಅಕ್ಷೌಹಿಣಿಯನ್ನು ಬಿತ್ತಿಬಿಟ್ಟನು. ಆ ಸಾಧ್ವಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಪಣವೊಡ್ಡಿದಳು:

"ಅರಳಿದ್ರೆ ಹಿತ್ಲು ನಿಮ್ದು. ಅರಳ್ಲಿಲ್ಲಾಂದ್ರೆ ಮತ್ತೆ ಮೆಂತ್ಯ ಬಿತ್ತಿ, ದಿನಾ ನೀವೇ ಸೊಪ್ಪು ಸೋಸಿ ಕೊಡ್ಬೇಕು."

"ಅಕ್ಕೀನೇ ಹಾರಾಡಿಸಿದ ಕೈ ಕಣೇ ಇದು! ಈ ಜೋಳ ಯಾವ ಲೆಕ್ಕ?" ಎಂದು ಗರ್ಜಿಸಿದನು ಕರಿಬಸಪ್ಪ.

ತೆನೆ ಬಲಿಯಿತು. ರಕ್ತಚಂಚುಗಳಾದ ಗಿಳಿಗಳ ಸೇನೆ ಮುತ್ತಿದಾಗ ಎಣ್ಣೆ ಡಬ್ಬ ಬಡಿಬಡಿದು, ಅಷ್ಟದಿಗ್ಗಜಗಳನ್ನೂ ಪಕ್ಕದ ಮನೆಯ ಕೂಸನ್ನೂ ಒಟ್ಟಿಗೇ ಎಬ್ಬಿಸಿದನು. ಗಿಳಿಗಳು ಓಡಿದವು, ಹೊಟ್ಟೆ ತುಂಬಿದ ಮೇಲೆ. ಉಳಿದ ತೆನೆಗಳ ಶಿರಶ್ಛೇದ ಮಾಡಿ, ಮಾಳಿಗೆಯ ಮೇಲೆ ಗರಿಗರಿಯಾಗಿ ಒಣಗಿಸಿ, ಕಾಳು ಬಿಡಿಸಿದನು.

ಅಯ್ಯೋ, ವಿಧಿಯೇ! ಮಂಡಕ್ಕಿಯ ಅಕ್ಕಿಗೆ ಹುರಿಯುವ ಮುನ್ನ ಉಪ್ಪುನೀರು ಕುಡಿಸುವುದು ಅವನ ಕುಲಧರ್ಮ. ಒಣಗಿದ ಕಾಳನ್ನೆಲ್ಲ ಉಪ್ಪುನೀರಿನ ಬೋಗುಣಿಗೆ ಸುರಿದೇಬಿಟ್ಟನು.

"ರೀ, ಒಣಗಿಸಿದ್ದನ್ನ ಮತ್ಯಾಕೆ ನೆನೆ ಹಾಕಿದ್ರಿ? ತಲೆ ಸರಿ ಐತಾ?"

"ಉಪ್ಪುನೀರು ಕುಡೀದೆ ಯಾವ ಕಾಳು ಅರಳ್ತೈತಿ? ಭಟ್ಟಿಯವನಿಗೇ ಹುರಿಯೋದು ಹೇಳಿಕೊಡೋಕೆ ಬರ್ಬೇಡ. ಸುಮ್ನೆ ಕುಂತು ನೋಡು."

ಒಲೆ ಹೊತ್ತಿತು. ಬಾಣಲೆಯಲ್ಲಿ ಮರಳು ಪ್ರಳಯಾಗ್ನಿಯಂತೆ ಕಾಯಿತು. ನೆನೆದ ಕಾಳು ಸುರಿದೊಡನೆ ಚುಂಯ್ ಎಂದು ಎದ್ದ ಹಬೆಯಲ್ಲಿ ನಮ್ಮ ವೀರನ ಮೀಸೆಯೇ ಅಂತರ್ಧಾನವಾಯಿತು. ಕೆದಕಿದನು, ಬೆವೆತನು, ಮನೆದೇವರನ್ನು ಕೂಗಿದನು. ಕಾಳುಗಳು ಕಂದಿದವು, ಕರಿದಾದವು. ಅರಳುವ ಮಾತೇ ಎತ್ತಲಿಲ್ಲ.

ಆಗ, ಮಹಾಜನಗಳೇ, ಟಪ್!

ಒಂದೇ ಒಂದು ಕಾಳು ಶ್ವೇತಪುಷ್ಪವಾಗಿ ಗಗನಕ್ಕೆ ನೆಗೆದು, ಹಾಲಮ್ಮನ ಮಡಿಲಿಗೆ ಬಿದ್ದಿತು.

"ಅರಳ್ತು! ಹಿತ್ಲು ನಂದೇ!" ಸಟ್ಟುಗವನ್ನು ಗದೆಯಂತೆ ಎತ್ತಿ ಕರಿಬಸಪ್ಪ ಕುಣಿದನು.

ಹಾಲಮ್ಮ ಅದನ್ನು ಎತ್ತಿ ನೋಡಿದಳು. ಮರಳು ಊದಿದಳು. ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು ನುಂಗಿದಳು.

"ಎಲ್ರೀ? ಏನರಳೈತಿ? ತೋರಿಸ್ರಿ ನೋಡಣ," ಎಂದವಳೇ ಎದ್ದುಹೋಗಿ, ಅಡುಗೆಮನೆಯಿಂದ ಮೆಂತ್ಯದ ಡಬ್ಬಿ ತಂದು ಅವನ ಕೈಗಿಟ್ಟಳು.